ಹೋಟೆಲ್ ಲೈನ್ ರಕ್ತದಲ್ಲಿ ಇರುದಿಲ್ಲ ನಗರಸೇವಕರೇ

ನಮ್ಮ ವಾರ್ಡಿನ ನಗರಸೇವಕರಿಗೆ, ಅಂದ್ರೆ ಕಾರ್ಪೊರೇಟರಿಗೆ, ನಮಸ್ಕಾರ.

ಹೋದ ಭಾನುವಾರ ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಕರಾವಳಿಯವರ ಕಾರ್ಯಕ್ರಮಕ್ಕೆ ನೀವು ಬಂದಿದ್ರಿ, ಶಾಲು ಹಾಕಿಸ್ಕೊಂಡ್ರಿ, ತುಳುವಲ್ಲಿ ನಾಲ್ಕು ಮಾತಾಡಿ ಚಪ್ಪಾಳೆ ತಗೊಂಡ್ರಿ, ಅಲ್ಲಿವರೆಗೆ ಸರಿ. ಆಮೇಲೆ ಒಂದು ಮಾತು ಹೇಳಿದ್ರಿ ನೋಡಿ, ಅದು ಇನ್ನೂ ತಲೆಯಿಂದ ಇಳೀತಾ ಇಲ್ಲ. ಪಾಲಿಕೆ ಶಾಲೆಯ ಕನ್ನಡ ಮೀಡಿಯಂ ಕ್ಲಾಸುಗಳಲ್ಲಿ ಮಕ್ಕಳೇ ಇಲ್ಲ, ಆ ರೂಮುಗಳನ್ನ ಹೋಟೆಲ್ ಟ್ರೈನಿಂಗ್ ಸೆಂಟರ್ ಮಾಡಿಸುವ, ಎಂಟನೇ ಮುಗಿದ ಮಕ್ಕಳನ್ನ ಸೀದಾ ಅಲ್ಲಿಗೆ ಹಾಕುವ, "ಹೇಗೂ ನಮ್ಮವರಿಗೆ ಹೋಟೆಲ್ ಲೈನ್ ರಕ್ತದಲ್ಲೇ ಉಂಟಲ್ಲ" ಅಂತ. ಎಲ್ರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಬೇಕು. ಮನೆಗೆ ಬಂದು ಅಣ್ಣನ ಮುಖ ನೋಡಿದ ಮೇಲೆ ನಗು ಬರ್ಲಿಲ್ಲ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವ. ಅಪ್ಪ ಪರೇಲ್‌ನಲ್ಲಿ ಗಿರಣಿ ಗೇಟಿನ ಎದುರಿನ ಒಂದು ಹೋಟೆಲಲ್ಲಿ ಭಟ್ಟಿ ಮುಂದೆ ನಿಲ್ತಿದ್ರು. 1982ರ ಜನವರಿಯಲ್ಲಿ ಕಾರ್ಮಿಕರ ಲೀಡರ್ ದತ್ತಾ ಸಾಮಂತರ ಮುಷ್ಕರ ಶುರುವಾಯ್ತಲ್ಲ, ಎರಡು ಲಕ್ಷಕ್ಕೂ ಮೇಲೆ ಗಿರಣಿ ಕೆಲಸಗಾರರು ಹೊರಗೆ ಕೂತ್ರು, ಗೇಟೇ ತೆರೀದಿದ್ರೆ ಅದರ ಎದುರು ಚಾ ಕುಡಿಯುವವರು ಯಾರು, ಹೋಟೆಲೂ ಮುಚ್ಚಿತು. ಆಗ ನಮ್ಮನ್ನ ಕಾಪಾಡಿದ್ದು ಅಮ್ಮನ ತಮ್ಮ, ಅಂದ್ರೆ ನಮ್ಮ ಮಾವ, ಅವರ ಹೋಟೆಲಲ್ಲಿ ಅಪ್ಪನಿಗೆ ಕೆಲಸ ಕೊಟ್ರು, ಒಂದು ದಿನವೂ ನಮ್ಮ ಚಾಳಿನ ಖೋಲಿಯಲ್ಲಿ ಗಂಜಿ ತಪ್ಪಲಿಲ್ಲ. ಅದೇ ಮಾವ ಮೂರು ವರ್ಷ ಕಳೆದು ಮನೆಗೆ ಬಂದು, ಹುಡುಗ ಒಂಬತ್ತನೇ ಮುಗಿಸಿದ್ದಾನಲ್ಲ ಸಾಕು, ನಾಳೆಯಿಂದ ಗಲ್ಲಾದಲ್ಲಿ ಕೂತ್ಕೊಳ್ಳಲಿ ಅಂದ್ರು. ಇಲ್ಲ ಅನ್ನುವ ಬಾಯಿ ಅಪ್ಪನಿಗೆ ಎಲ್ಲಿಂದ ಬರಬೇಕು ಹೇಳಿ. ಅಣ್ಣ ನನಗಿಂತ ಲೆಕ್ಕದಲ್ಲಿ ಚುರುಕಿದ್ದ, ಇದನ್ನ ನಾನು ಪ್ರಮಾಣ ಮಾಡಿ ಹೇಳ್ತೇನೆ.

ನನ್ನನ್ನ ಯಾರೂ ಕರೀಲಿಲ್ಲ. ಹುಡುಗಿಗೆ ಹೋಟೆಲಲ್ಲಿ ಎಂತ ಕೆಲಸ? ಹಾಗಾಗಿ ನಾನು ಶಾಲೆಗೆ ಹೋಗ್ತಾ ಇದ್ದೆ, ಬೇರೆ ಎಂತ ಮಾಡುದು ಅಂತ ಯಾರಿಗೂ ಗೊತ್ತಿರಲಿಲ್ಲ, ಹಾಗೆ ಹೋಗ್ತಾ ಹೋಗ್ತಾ ಬಿಕಾಂ ಆಯ್ತು, ಬ್ಯಾಂಕ್ ಪರೀಕ್ಷೆ ಆಯ್ತು. ನಾನು ಬುದ್ಧಿವಂತೆ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ ಮಾರಾಯ್ರೆ.

ಮಗಳು ಎಂಎ ಎಕನಾಮಿಕ್ಸ್ ಓದುವಾಗ ಒಂದು ರಿಸರ್ಚ್ ಪೇಪರ್ ತಂದು ನನ್ನ ಮುಂದೆ ಇಟ್ಟು, ಅಮ್ಮಾ ಇದು ನಿನ್ನ ಕಥೆ ಅಂದ್ಲು. ಕೈವಾನ್ ಮುನ್ಶಿ ಮತ್ತೆ ಮಾರ್ಕ್ ರೋಸೆನ್‌ಜ್ವೈಗ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು, 2006ರಲ್ಲಿ ಪ್ರಿಂಟ್ ಆದದ್ದು, ಜಾಗ ಯಾವುದು ಗೊತ್ತುಂಟಾ, ನಮ್ಮ ದಾದರ್! ಸುಮಾರು 4,900 ಮನೆಗಳ ಲೆಕ್ಕ, ಇಪ್ಪತ್ತು ವರ್ಷಗಳಲ್ಲಿ ಶಾಲೆಗೆ ಸೇರಿದ ಮಕ್ಕಳದ್ದು, ಶಾಲೆ ರಿಜಿಸ್ಟರ್ ಸಮೇತ. ಅವರು ನೋಡಿದ್ದು ಮರಾಠಿ ಮನೆಗಳನ್ನ, ನಮ್ಮನ್ನಲ್ಲ, ಅದು ಸರಿಯಾಗಿ ಹೇಳ್ಬೇಕು. 1990ರ ನಂತರ ಇಂಗ್ಲಿಷ್ ಬಂದವರಿಗೆ ಸಂಬಳ ಏರ್ತಾ ಹೋಯ್ತು, ಆದ್ರೂ ಕೂಲಿ ಕೆಲಸದ ಜಾತಿಗಳ ಗಂಡುಮಕ್ಕಳನ್ನ ಮನೆಯವರು ಮರಾಠಿ ಮೀಡಿಯಂಗೇ ಕಳಿಸ್ತಾ ಇದ್ರಂತೆ. ಯಾಕೆ ಅಂದ್ರೆ ಆ ಹುಡುಗರಿಗೆ ಜಾತಿಯವರ ಮೂಲಕ ಕೆಲಸ ಮೊದಲೇ ಕಾದಿರ್ತಿತ್ತು, ಕಾಕಾ ಇದ್ದಾನೆ, ಮಾಮಾ ಇದ್ದಾನೆ, ಒಬ್ಬ ಇನ್ನೊಬ್ಬನನ್ನ ಒಳಗೆ ಎಳ್ಕೊಳ್ತಾನೆ. ಒಬ್ಬ ಬಿಟ್ಟು ಹೋದ್ರೆ ಮುಂದಿನವನನ್ನ ಎಳೆಯುವ ಕೈ ಒಂದು ಕಮ್ಮಿ ಆಗ್ತದೆ, ಹಾಗಾಗಿ ಬಿಡ್ಲಿಕ್ಕೂ ಬಿಡುದಿಲ್ಲ. ಹೆಣ್ಣುಮಕ್ಕಳಿಗೆ ಆ ಸರಪಳಿಯಲ್ಲಿ ಜಾಗವೇ ಇರಲಿಲ್ಲ. ಅದೇ ಮನೆಯ ಹುಡುಗಿಯರು ಇಂಗ್ಲಿಷ್ ಶಾಲೆಗೆ ಹೋದ್ರು, ಅಣ್ಣತಮ್ಮಂದಿರನ್ನ ದಾಟಿ ಹೋದ್ರು.

ಇದನ್ನ ಓದಿ ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ನನಗೆ ಇಂಗ್ಲಿಷ್ ಮೀಡಿಯಂ ಸಿಕ್ಕಿದ್ದಲ್ಲ, ಆದ್ರೆ ವಿಷಯ ಅದೇ. ಮಾವನನ್ನ ಬೈಲಿಕ್ಕೆ ನನಗೆ ಮನಸ್ಸು ಬರುದಿಲ್ಲ, ಊಟ ಕೊಟ್ಟ ಕೈ. ಊಟ ಕೊಟ್ಟ ಕೈಯೇ ಹುಡುಗನ ಪಾಟಿಚೀಲ ಇಳಿಸಿತು, ಎರಡೂ ನಿಜ. ಹತ್ತು ವರ್ಷದ ಹಿಂದೆ ಮಾವನ ಮಕ್ಕಳು ಹೋಟೆಲ್ ಜಾಗ ಬಿಲ್ಡರಿಗೆ ಕೊಟ್ರು, ಅಣ್ಣ ಈಗ ಒಂದು ಬಿಲ್ಡಿಂಗಿನಲ್ಲಿ ನೈಟ್ ವಾಚ್‌ಮನ್. ಕನ್ನಡ, ತುಳು, ಮರಾಠಿ, ಹಿಂದಿ ಎಲ್ಲ ಬರ್ತದೆ, ಕೈಯಲ್ಲಿ ಹತ್ತನೇ ಪಾಸಾದ ಸರ್ಟಿಫಿಕೇಟ್ ಇಲ್ಲ.

ಇನ್ನು ನೀವು ಹೇಳ್ಬಹುದು, ಓದಿದವರು ಮುಂದೆ ಬರುದು ಒಳ್ಳೆ ಮನೆಯಿಂದ ಬಂದದ್ದಕ್ಕೆ, ಶಾಲೆಯಿಂದ ಏನಾಗ್ತದೆ ಅಂತ. ಈ ಪ್ರಶ್ನೆ ಅರ್ಥಶಾಸ್ತ್ರದವರಿಗೂ ಇತ್ತು. ಆರ್ಲಿ ಆಶೆನ್‌ಫೆಲ್ಟರ್, ಅಲನ್ ಕ್ರೂಗರ್ ಅಂತ ಇಬ್ಬರು 1991ರಲ್ಲಿ ಅಮೆರಿಕದ ಒಹಾಯೊದಲ್ಲಿ ಟ್ವಿನ್ಸ್‌ಬರ್ಗ್ ಅನ್ನುವ ಊರಲ್ಲಿ ಅವಳಿಗಳ ಜಾತ್ರೆ ಆಗ್ತದಲ್ಲ, ಅಲ್ಲಿಗೇ ಹೋದ್ರು. ಒಂದೇ ಹೊಟ್ಟೆ, ಒಂದೇ ಮನೆ, ಅಪ್ಪ ಅಮ್ಮ ಒಂದೇ, ಆದ್ರೆ ಒಬ್ಬ ಜಾಸ್ತಿ ಓದಿದ್ದಾನೆ ಒಬ್ಬ ಕಮ್ಮಿ, ಸಂಬಳ ಎಷ್ಟು ವ್ಯತ್ಯಾಸ ನೋಡುವ ಅಂತ. ಜನ ತಮ್ಮ ಓದನ್ನ ಸರಿಯಾಗಿ ಹೇಳ್ತಾರೋ ಇಲ್ಲವೋ ಅಂತ, ನಿನ್ನ ಜೊತೆ ಹುಟ್ಟಿದವ ಎಷ್ಟು ಓದಿದ್ದಾನೆ ಅಂತ ಇನ್ನೊಬ್ಬನ ಹತ್ರವೂ ಕೇಳಿದ್ರು (ನಮ್ಮ ಕಡೆ ಸಂಬಂಧ ನೋಡುವಾಗ ಹುಡುಗನ ಸಂಬಳ ಪಕ್ಕದ ಮನೆಯಲ್ಲಿ ಕೇಳುದಿಲ್ವಾ, ಹಾಗೆ). ಒಂದು ವರ್ಷ ಜಾಸ್ತಿ ಓದಿದ್ರೆ ಕೂಲಿ 12ರಿಂದ 16 ಪರ್ಸೆಂಟ್ ಜಾಸ್ತಿ ಅಂತ ಬಂತು. ಆಮೇಲೆ ಇನ್ನೂ ಜಾಸ್ತಿ ಅವಳಿಗಳನ್ನ ಸೇರಿಸಿ ನೋಡಿದಾಗ ಆ ಲೆಕ್ಕ ಸುಮಾರು 9ಕ್ಕೆ ಇಳಿಯಿತು, ಆದ್ರೂ 9 ಅಂದ್ರೆ ಸೊನ್ನೆ ಅಲ್ಲ. ಮನೆ ಒಂದೇ ಇದ್ದೂ ಓದು ವ್ಯತ್ಯಾಸ ಮಾಡ್ತದೆ. ಅದು ಅಮೆರಿಕದ ಲೆಕ್ಕ, ನಮ್ಮ ಮನೆಯ ಲೆಕ್ಕ ನಾನು ಮೇಲೆ ಬರೆದಿದ್ದೇನೆ.

ಈಗ ನಿಮ್ಮ ಖಾಲಿ ರೂಮುಗಳ ವಿಷಯ. ಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸ್ತದೆ, ಅದರಲ್ಲಿ ಕನ್ನಡ ಒಂದು. ನಮ್ಮ ಕರಾವಳಿಯವರ ಮೊಮ್ಮಕ್ಕಳು ಅಲ್ಲಿ ಇಲ್ಲ, ನಿಮ್ಮ ಮಕ್ಕಳೂ ಇಲ್ಲ, ನನ್ನ ಮಗಳೂ ಹೋಗ್ಲಿಲ್ಲ, ಆ ಬಗ್ಗೆ ಭಾಷಣ ಮಾಡುವ ಯೋಗ್ಯತೆ ನನಗಿಲ್ಲ. ಈಗ ಅಲ್ಲಿ ಇರುದು ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ, ಮನೆಕೆಲಸಕ್ಕೆ ಬಂದವರ ಮಕ್ಕಳು. ನಾನು ಶನಿವಾರ ಇಂಗ್ಲಿಷ್ ಹೇಳ್ಕೊಡ್ಲಿಕ್ಕೆ ಹೋಗ್ತೇನೆ, ಹದಿನೇಳು ಮಕ್ಕಳು. ಹದಿನೇಳು ಅಂದ್ರೆ ಖಾಲಿಯಾ? ಆರನೇ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ, ಭಿನ್ನರಾಶಿಯನ್ನ ಬಾಯಲ್ಲೇ ಮಾಡ್ತಾನೆ. ದೊಡ್ಡವನಾಗಿ ಎಂತ ಮಾಡ್ತೀಯ ಅಂತ ಕೇಳಿದ್ರೆ, "ಎಂಟನೇತ್ತ ಮುಗೀಲಿ ಟೀಚರ್, ನಮ್ಮ ಕಾಕಾ ಸೆಂಟ್ರಿಂಗ್ ಕೆಲ್ಸಕ್ಕ ಕರ್ಕೊಂಡು ಹೋಗ್ತಾನ್ರೀ" ಅಂದ. ನಮ್ಮ ಮಾವ ಹೋದ, ಅವರ ಕಾಕಾ ಬಂದ. ಅದರ ಮೇಲೆ ನೀವು ಸರ್ಕಾರಿ ಖರ್ಚಿನಲ್ಲಿ ಇನ್ನೊಬ್ಬ ಮಾವನನ್ನ ಕೂರಿಸ್ತೇನೆ ಅಂತೀರಿ, ಅದೂ ಎಂಟನೇಗೇ.

ಹೋಟೆಲ್ ಕೆಲಸ ಕೀಳು ಅಂತ ನಾನು ಹೇಳ್ತಾ ಇಲ್ಲ, ಅಪ್ಪನ ಭಟ್ಟಿಯ ದುಡ್ಡಲ್ಲೇ ನಾನು ಓದಿದ್ದು. ಟ್ರೈನಿಂಗ್ ಸೆಂಟರ್ ಮಾಡಿ, ಹತ್ತನೇ ಪಾಸಾದವರಿಗೆ ಮಾಡಿ, ಬೇರೆ ಜಾಗದಲ್ಲಿ ಮಾಡಿ. ಕ್ಲಾಸ್‌ರೂಮ್ ಕಿತ್ಕೊಂಡು ಬೇಡ. ಆ ಮಕ್ಕಳಿಗೆ ಮೊದಲು ಬೇಕಾದ್ದು ಇಂಗ್ಲಿಷ್ ಕಲಿಸುವ ಒಬ್ಬ ಖಾಯಂ ಟೀಚರ್, ವಾರಕ್ಕೊಮ್ಮೆ ಬರುವ ನನ್ನಂಥ ಬ್ಯಾಂಕಿನವಳಲ್ಲ. ಬಿಕಾಂ ಮೊದಲ ವರ್ಷದಲ್ಲಿ ಅಕೌಂಟ್ಸ್ ಕ್ಲಾಸಲ್ಲಿ ಒಂದಕ್ಷರ ಅರ್ಥ ಆಗದೆ ನಾನು ಅತ್ತಿದ್ದು ನನಗೆ ನೆನಪುಂಟು. ಮತ್ತೆ ಸುಗ್ಗಿ ಮುಗಿಸಿ ವರ್ಷದ ಮಧ್ಯೆ ಊರಿಂದ ಬರುವ ಮಕ್ಕಳನ್ನ ಟಿಸಿ ತನ್ನಿ ಅಂತ ಒಂದು ಆಫೀಸಿನಲ್ಲಿ ವಾಪಸ್ ಕಳಿಸಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಟಿಸಿ ತಡ ಆಯ್ತು ಅಂತ ಸೇರಿಸ್ಕೊಳ್ಳದೆ ಇರುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಉಂಟು, ಐದನೇ ಸೆಕ್ಷನ್, ಒಮ್ಮೆ ನೀವೇ ಹೋಗಿ ಆ ಟೇಬಲ್ಲಿನ ಮುಂದೆ ಓದಿ ಹೇಳಿ, ನಾವು ಹೇಳಿದ್ರೆ ಅವರು ಚಾಗೆ ಹೋಗ್ತಾರೆ.

ಶನಿವಾರ ಹನ್ನೊಂದು ಗಂಟೆಗೆ ಎರಡನೇ ಮಹಡಿಗೆ ಬನ್ನಿ. ಬರುವ ಮೊದಲು ಯಾರಿಗೂ ಫೋನ್ ಮಾಡ್ಬೇಡಿ, ಮಾಡಿದ್ರೆ ರಂಗೋಲಿ ಹಾಕಿ ಮಕ್ಕಳನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸ್ತಾರೆ. ಸುಮ್ನೆ ಬಂದು ಹಿಂದಿನ ಬೆಂಚಲ್ಲಿ ಕೂತು ಆ ಹುಡುಗನಿಗೆ ಒಂದು ಭಿನ್ನರಾಶಿ ಕೊಟ್ಟು ನೋಡಿ. ಪೆನ್ನು ಪೇಪರ್ ನಿಮಗೆ ಬೇಕಾಗ್ತದೆ, ಅವನಿಗಲ್ಲ.

ಇತಿ,
ನಿಮ್ಮ ವಾರ್ಡಿನ ಒಬ್ಬಳು ಮತದಾರಳು
ದಾದರ್ ಪೂರ್ವ, ಮುಂಬಯಿ