ವೈನ್ ಕುಡಿಯದವರಿಗೆ ಒಂದು ಥ್ಯಾಂಕ್ಸ್

ಕಳೆದ ವಾರ ನಮ್ಮ ತೋಟದ ಹದಿನೈದನೇ ಕೊಯ್ಲು ಮುಗಿಯಿತು. ಕೊನೆಯ ಕ್ರೇಟ್ ತೂಕಕ್ಕೆ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ನನ್ನ ತಮ್ಮ ಪುಸ್ತಕದಲ್ಲಿ ತೂಕ ಬರೆದು, ಕೆಳಗೆ ಗೆರೆ ಎಳೆದು, '2025 ಮುಗಿಯಿತು' ಅಂತ ಬರೆದ. ನಾನು ಅಲ್ಲೇ ಖಾಲಿ ಕ್ರೇಟ್ ಮೇಲೆ ಕೂತುಬಿಟ್ಟೆ.

ಹದಿನೈದು ವರ್ಷ ಅನ್ನುವುದು ದೊಡ್ಡ ವೈನರಿಗಳಿಗೆ ಏನೂ ಅಲ್ಲದಿರಬಹುದು. ನಮ್ಮದು ಐದು ಎಕರೆ ತೋಟ, ಆರು ಸ್ಟೀಲ್ ಟ್ಯಾಂಕು, ಅಪ್ಪ, ಅಮ್ಮ, ತಮ್ಮ, ನಾನು. ಈ ಹದಿನೈದು ವರ್ಷದಲ್ಲಿ ಮೂರು ಸಲ 'ಇನ್ನು ಮುಚ್ಚಿಬಿಡೋಣ' ಅಂತ ನಾಲ್ಕೂ ಜನ ಊಟದ ಮೇಜಿನ ಮುಂದೆ ಕೂತು ಲೆಕ್ಕ ಹಾಕಿದ್ದೇವೆ. ಮುಚ್ಚಲಿಲ್ಲ. ಯಾಕೆ ಮುಚ್ಚಲಿಲ್ಲ ಅಂತ ಮೊನ್ನೆ ಆ ಕ್ರೇಟ್ ಮೇಲೆ ಕೂತು ಯೋಚಿಸಿದಾಗ ಒಂದೊಂದೇ ಮುಖ ಕಣ್ಣಮುಂದೆ ಬಂತು. ಅವರಲ್ಲಿ ಹೆಚ್ಚಿನವರು ನಮ್ಮ ವೈನನ್ನು ಒಂದು ಗುಟುಕೂ ಕುಡಿದವರಲ್ಲ. ಬಾಟಲಿ ಕೊಂಡವರಿಗೆ ನಾವು ದಿನಾ ಥ್ಯಾಂಕ್ಸ್ ಹೇಳುತ್ತೇವೆ. ಇವರಿಗೆ ಸರಿಯಾಗಿ ಹೇಳಿಯೇ ಇಲ್ಲ. ಅದಕ್ಕೇ ಈ ಬರಹ.

ಮೊದಲು ಅಮ್ಮ.

ನಮ್ಮ ಮನೆ ಯಲಹಂಕದಲ್ಲಿ. ತೋಟ ದೊಡ್ಡಬಳ್ಳಾಪುರದ ಆಚೆ, ನಂದಿ ಬೆಟ್ಟ ಕಾಣುವ ಕಡೆ. ತಾತನ ಕಾಲದಿಂದ ಅಲ್ಲಿ ಇದ್ದದ್ದು ಕಲ್ಲುಕಂಬದ ಚಪ್ಪರದ ಮೇಲೆ ಬೆಂಗಳೂರು ನೀಲಿ ದ್ರಾಕ್ಷಿ. ಅದೇ, ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುವ, ಹುಳಿಸಿಹಿ ಹಣ್ಣು. ಬೀದಿಯ ಗಾಡಿಯಲ್ಲಿ, ಹಾಪ್‌ಕಾಮ್ಸ್ ಮಳಿಗೆಯಲ್ಲಿ ನೀವೆಲ್ಲ ತಿಂದಿರುತ್ತೀರಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅದರಿಂದ ಕುಡಿಯುವ ವೈನ್ ಮಾಡಿದರೆ ಜ್ಯೂಸಿನ ವಾಸನೆ ಹೋಗುವುದಿಲ್ಲ. ಸಿಹಿ ಪೋರ್ಟ್ ವೈನಿಗೆ ಅದು ಸರಿ, ಶಿರಾಜ್, ಕ್ಯಾಬರ್ನೆ ಥರದ ವೈನ್ ತಳಿಗಳ ದಾರಿಯೇ ಬೇರೆ. ನಂದಿ ತಪ್ಪಲಲ್ಲಿ ಫ್ರೆಂಚ್ ತಳಿಗಳು ಬರುತ್ತವೆ ಅಂತ 1980ರ ದಶಕದ ಕೊನೆಯಿಂದಲೇ ವೈನ್ ಮಾಡುವ ಗ್ರೋವರ್ ಕುಟುಂಬ ತೋರಿಸಿಕೊಟ್ಟಿತ್ತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಾಗ ಸಣ್ಣವರಿಗೂ ಬಾಗಿಲು ತೆರೆಯಿತು. 2008ರಲ್ಲಿ ಅಪ್ಪ ಅರ್ಧ ಚಪ್ಪರ ಇಳಿಸಿ ಹೊಸ ಸಸಿ ನೆಟ್ಟರು.

ನೆಂಟರ ಬಾಯಿಗೆ ಸಿಕ್ಕಿದ್ದು ಅಮ್ಮ. 'ನಿಮ್ಮನೇಲಿ ಹೆಂಡ ಕಾಯಿಸ್ತಾರಂತೆ' ಅಂತ ಮದುವೆ ಮನೆಯ ಊಟದ ಪಂಕ್ತಿಯಲ್ಲೇ ಕೇಳಿದವರಿದ್ದಾರೆ. ಅಮ್ಮ ಏಕಾದಶಿ ತಪ್ಪದ ಹೆಂಗಸು. ಅವತ್ತು ಎಲೆಯ ಮುಂದೆ ಕೂತು, 'ನಮ್ಮ ದ್ರಾಕ್ಷಿ, ನಮ್ಮ ಕೆಲಸ. ಮುಚ್ಚಿಟ್ಟು ಮಾಡ್ತಿಲ್ಲ' ಅಂದರಂತೆ. ಮನೆಗೆ ಬಂದು ಅತ್ತರು ಅನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. 2011ರಲ್ಲಿ ಮೊದಲ ಕೊಯ್ಲಿನ ಮೊದಲ ಕ್ರೇಟಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದವರು ಅವರೇ. ಆಮೇಲೆ ಒಂದು ವರ್ಷವೂ ತಪ್ಪಿಸಿಲ್ಲ.

ಇನ್ನು ನಮ್ಮ ಅಕ್ಕಂದಿರು. ಪಕ್ಕದ ಹಳ್ಳಿಯ ಹದಿನಾಲ್ಕು ಜನ ಹೆಂಗಸರು. ಅವರಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಅಂತ ಕರೆಯುತ್ತೇವೆ. ಕೊಯ್ಲಿನ ದಿನ ಬೆಳಗಿನ ಜಾವ ನಾಲ್ಕೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಸಾಲಿಗೆ ಇಳಿಯುತ್ತಾರೆ. ಬಿಸಿಲೇರುವ ಮುಂಚೆ ಹಣ್ಣು ಒಳಗೆ ಬರಬೇಕು. ಬಿಸಿ ಹಣ್ಣು ಕ್ರೇಟಿನಲ್ಲೇ ಹುಳಿಯಲು ಶುರುಮಾಡುತ್ತದೆ.

ಶುರುವಿನಲ್ಲಿ ಅವರಿಗೆ ನಮ್ಮ ಒಂದು ಕೆಲಸ ಸುತಾರಾಂ ಒಪ್ಪಿಗೆಯಾಗಲಿಲ್ಲ. ನೀಲಿ ದ್ರಾಕ್ಷಿಯನ್ನು ಬಳ್ಳಿ ಹೊತ್ತಷ್ಟೂ ಬಿಡುತ್ತೇವೆ, ಎಕರೆಗೆ ಹತ್ತು ಟನ್ನಿಗಿಂತ ಜಾಸ್ತಿ ಬರುತ್ತದೆ. ವೈನ್ ದ್ರಾಕ್ಷಿಯನ್ನು ನಾವು ನಾಲ್ಕೈದು ಟನ್ನಿಗೇ ನಿಲ್ಲಿಸುತ್ತೇವೆ. ಬಳ್ಳಿಯ ಶಕ್ತಿಯೆಲ್ಲ ಉಳಿದ ಗೊಂಚಲಿಗೆ ಹೋಗಲಿ ಅಂತ, ಕಾಯಿ ಹಸಿರಿದ್ದಾಗಲೇ ಹೆಚ್ಚಿನ ಗೊಂಚಲು ಕತ್ತರಿಸಿ ನೆಲಕ್ಕೆ ಹಾಕಬೇಕು. ದೊಡ್ಡಮ್ಮ ಕತ್ತರಿ ಕೆಳಗಿಟ್ಟುಬಿಟ್ಟರು. 'ಫಲ ಬಿಟ್ಟ ಬಳ್ಳಿಗೆ ಹಿಂಗೆ ಮಾಡ್ತಾರೇನವ್ವಾ?' ಅಂದರು. ಅವರನ್ನು ಒಪ್ಪಿಸಲು ನನಗೆ ಮಾತು ಬರಲಿಲ್ಲ. ಒಂದು ಸಾಲು ಅವರಿಗೇ ಬಿಟ್ಟುಕೊಟ್ಟೆ, ಏನೂ ಕತ್ತರಿಸಬೇಡಿ ಅಂದೆ. ಮಾರ್ಚಿನಲ್ಲಿ ಎರಡೂ ಸಾಲಿನ ಹಣ್ಣು ಬಾಯಿಗೆ ಹಾಕಿಕೊಂಡು ನೋಡಿದರು. ಒಂದು ಮಾತೂ ಆಡದೆ ಬೀಜ ಉಗಿದು ಕತ್ತರಿ ಎತ್ತಿಕೊಂಡರು. ಈಗ ಹೊಸಬರಿಗೆ ಹೇಳಿಕೊಡುವವರು ಅವರೇ. ಯಾವ ಗೊಂಚಲು ಇರಬೇಕು, ಯಾವುದು ಬೀಳಬೇಕು ಅನ್ನುವುದರಲ್ಲಿ ನನಗಿಂತ ಅವರ ಕಣ್ಣು ಚುರುಕು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಕೆಂಪು ದ್ರಾಕ್ಷಿ ಇನ್ನೂ ಬಳ್ಳಿಯ ಮೇಲಿತ್ತು. ತಮ್ಮ ಹೇಗೋ ತೋಟ ಸೇರಿಕೊಂಡಿದ್ದ. ನಾನು ಯಲಹಂಕದಲ್ಲೇ ಸಿಕ್ಕಿಬಿದ್ದಿದ್ದೆ. ಕೃಷಿ ಕೆಲಸಕ್ಕೆ ಅಡ್ಡಿಯಿಲ್ಲ ಅಂತ ಸರ್ಕಾರ ಹೇಳಿದರೂ ಗಾಡಿ ಸಿಗುತ್ತಿರಲಿಲ್ಲ. ಅಕ್ಕಂದಿರು ಮೂರು ಕಿಲೋಮೀಟರ್ ಕತ್ತಲಲ್ಲಿ ನಡೆದು ಬಂದರು. ಬಾಯಿಗೆ ಸೆರಗು ಕಟ್ಟಿಕೊಂಡು, ಒಬ್ಬೊಬ್ಬರು ಒಂದೊಂದು ಸಾಲು ಬಿಟ್ಟು ನಿಂತು ಕೊಯ್ದರು. ಆ ವರ್ಷ ಮದ್ಯದಂಗಡಿ ತೆರೆದದ್ದು ಮೇ 4ಕ್ಕೆ. ಅಲ್ಲಿಯವರೆಗೆ ಒಂದು ರೂಪಾಯಿ ವ್ಯಾಪಾರವಿಲ್ಲ. ಕೂಲಿ ಕೊಡಲು ಅಪ್ಪ ಅಂಗಲಾಚುವ ಸ್ಥಿತಿ. 'ಬಂದಾಗ ಕೊಡಿ, ನೀವೆಲ್ಲಿ ಓಡಿಹೋಗ್ತೀರಾ?' ಅಂದವರು ಅವರು. ಅವರ ಮನೆಯಲ್ಲೂ ಆಗ ದುಡ್ಡಿರಲಿಲ್ಲ ಅನ್ನುವುದು ನಮಗೆ ಗೊತ್ತಿತ್ತು. ಅಂಗಡಿ ತೆರೆದ ವಾರವೇ ಮಲ್ಲೇಶ್ವರದ ಒಬ್ಬ ಅಂಗಡಿಯವರು ಹಳೇ ಬಾಕಿ ಪೂರ್ತಿ ಹಾಕಿದರು, ಕೇಳುವ ಮುಂಚೆಯೇ. ಆ ದುಡ್ಡು ನೇರ ಕೂಲಿಗೆ ಹೋಯಿತು. ಅಣ್ಣಾ, ಅದು ಎಲ್ಲಿಗೆ ಹೋಯಿತು ಅಂತ ನಿಮಗೆ ಇವತ್ತು ಹೇಳುತ್ತಿದ್ದೇನೆ.

2017ರ ಶಿವರಾತ್ರಿಯನ್ನು ಮರೆಯಲು ಸಾಧ್ಯವೇ ಇಲ್ಲ.

ಬಿಳಿ ದ್ರಾಕ್ಷಿಯ ರಸ ಟ್ಯಾಂಕಿನಲ್ಲಿ ಹುದುಗುತ್ತಿತ್ತು. ಬಿಳಿ ವೈನ್ ತಣ್ಣಗೆ, ನಿಧಾನವಾಗಿ ಹುದುಗಬೇಕು. ನಾವು 14 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ, ಅದನ್ನು ತಣ್ಣಗಿಡುವ ಯಂತ್ರ, ಚಿಲ್ಲರ್, ಇಲ್ಲದಿದ್ದರೆ ತಡೆಯುವವರಿಲ್ಲ. ಬಿಸಿಯಾದರೆ ಹಣ್ಣಿನ ಘಮವೆಲ್ಲ ಗಾಳಿಗೆ ಹೋಗಿ ಸಪ್ಪೆ ನೀರು ಉಳಿಯುತ್ತದೆ. ರಾತ್ರಿ ಹತ್ತಕ್ಕೆ ಚಿಲ್ಲರ್ ನಿಂತಿತು. ಹನ್ನೊಂದೂವರೆಗೆ ಟ್ಯಾಂಕಿನ ಮೀಟರ್ 18 ತೋರಿಸುತ್ತಿತ್ತು. ಊರಲ್ಲಿ ಫ್ರಿಡ್ಜ್ ರಿಪೇರಿ ಮಾಡುವ ಹುಡುಗ ಗುಡಿಯಲ್ಲಿ ಜಾಗರಣೆಗೆ ಕೂತಿದ್ದ. ತಮ್ಮ ಹೋಗಿ ಕರೆದ. ಉಪವಾಸದ ಹೊಟ್ಟೆಯಲ್ಲೇ ಎದ್ದು ಬಂದ. ಅವನ ಹಿಂದೆ ಭಜನೆಗೆ ಕೂತಿದ್ದ ಏಳೆಂಟು ಜನವೂ ಬಂದರು. ಎಲ್ಲರೂ ಎಚ್ಚರ ಇದ್ದ ರಾತ್ರಿ ನೋಡಿ!

ಚಿಲ್ಲರಿಗೆ ಕರೆಂಟ್ ಕೊಡುವ ಸ್ವಿಚ್ಚು, ಕಾಂಟ್ಯಾಕ್ಟರ್, ಸುಟ್ಟಿತ್ತು. ಅಷ್ಟು ಹೊತ್ತಿನಲ್ಲಿ ಎಲ್ಲಿಂದ ತರುವುದು? ಒಬ್ಬರು ಹಾಲಿನ ಸೊಸೈಟಿಯ ಸೆಕ್ರೆಟರಿಯನ್ನು ಹುಡುಕಿಕೊಂಡು ಹೋದರು. ಹಾಲು ತಣ್ಣಗಿಡುವ ಕೂಲರಿಗೆ ಅಂತ ಇಟ್ಟಿದ್ದ ಸ್ಪೇರ್ ಇತ್ತು. ಅದು ಬರುವವರೆಗೆ ಉಳಿದವರು ಟ್ಯಾಂಕಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಐಸ್ ಫ್ಯಾಕ್ಟರಿಯಿಂದ ತಂದ ಗಡ್ಡೆ ಒಡೆದು ಒಡೆದು ಚೀಲದೊಳಗೆ ತುಂಬಿದರು. ಮೀಟರ್ 21ಕ್ಕೆ ಏರಿ ಅಲ್ಲೇ ನಿಂತಿತು. ಒಬ್ಬರು ಸ್ಟೂಲ್ ಮೇಲೆ ಹತ್ತಿ ಚೆಂಬಿನಿಂದ ನೀರು ಹೊಯ್ಯುತ್ತಿದ್ದರು, ಇನ್ನೊಬ್ಬರು ಕೆಳಗಿಂದ 'ಶಿವಲಿಂಗಕ್ಕೂ ಇಷ್ಟು ಅಭಿಷೇಕ ಆಗಿಲ್ಲ ಇವತ್ತು' ಅಂದರು. ಬೆಳಗಿನ ಜಾವ ಮೂರಕ್ಕೆ ಚಿಲ್ಲರ್ ಗುರ್ ಅಂತ ಶುರುವಾಯಿತು. ಆ ಹುಡುಗ ಕೈಯ ಗ್ರೀಸ್ ಒರೆಸಿಕೊಂಡು, ಒಂದು ಲೋಟ ನೀರು ಕುಡಿದು, 'ಇನ್ನೊಂದು ಪೂಜೆ ಇದೆ ಅಕ್ಕ' ಅಂತ ಗುಡಿಗೆ ವಾಪಸ್ ಹೋದ. ದುಡ್ಡು ಎರಡು ದಿನ ಬಿಟ್ಟು ಬಲವಂತವಾಗಿ ಕೊಟ್ಟದ್ದು. ಆ ವರ್ಷದ ಬಿಳಿ ವೈನ್ ಚೆನ್ನಾಗಿದೆ ಅಂತ ಎಷ್ಟೋ ಜನ ಹೇಳಿದರು. ಪ್ರತಿ ಸಲವೂ ನನಗೆ ಆ ಒದ್ದೆ ಗೋಣಿಯ ವಾಸನೆಯೇ ನೆನಪಾಗುತ್ತಿತ್ತು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸರ್ ಒಬ್ಬರಿದ್ದಾರೆ. ಹುಳಿ ಅಳೆಯುವುದು, ಸಕ್ಕರೆ ಅಳೆಯುವುದು, ಯಾವಾಗ ಕೊಯ್ಯಬೇಕು ಅಂತ ಅಂಕಿ ನೋಡಿ ಹೇಳುವುದು, ಎಲ್ಲ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಕಲಿಸಿದರು. ಫೀಸು ಅಂತ ತೆಗೆದುಕೊಂಡದ್ದು ಅಮ್ಮನ ಕೈಯ ಫಿಲ್ಟರ್ ಕಾಫಿ ಮಾತ್ರ. ಸರ್, ಹುಳಿ ಅಳೆಯಲು ನೀವು ಕೊಟ್ಟ ಗಾಜಿನ ಕೊಳವೆ, ಆ ಬ್ಯೂರೆಟ್, ಇನ್ನೂ ಒಡೆದಿಲ್ಲ.

2021ರ ನವೆಂಬರ್ ಮಳೆ ಬೆಂಗಳೂರಿನ ಯಾರಿಗೂ ಮರೆತಿರಲಿಕ್ಕಿಲ್ಲ. ಯಲಹಂಕದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತಂದ ವಾರ ಅದು. ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಅತ್ತ ತೋಟದಲ್ಲಿ ಬಳ್ಳಿ ಹೂವಿಗೆ ಬಂದಿತ್ತು. ಆ ಹೊತ್ತಿನಲ್ಲಿ ಎಡೆಬಿಡದ ಮಳೆ ಅಂದರೆ ಡೌನಿ ರೋಗ ಬಂತು ಅಂತಲೇ ಲೆಕ್ಕ. ಎಲೆಯ ಮೇಲೆ ಎಣ್ಣೆ ಬಿದ್ದಂತೆ ಹಳದಿ ಚುಕ್ಕೆ, ಕೆಳಗೆ ಬಿಳಿ ಬೂಜು, ನಾಲ್ಕು ದಿನಕ್ಕೆ ಹೂಗೊಂಚಲೇ ಕಂದಿ ಉದುರುತ್ತದೆ. ತಂದ ಔಷಧಿಯೆಲ್ಲ ಮಳೆಯಲ್ಲಿ ತೊಳೆದುಹೋಗಿತ್ತು.

ಆಗ ಬಂದವರು ಊರಿನ ಒಬ್ಬ ತಾತ. ನಮ್ಮ ತಾತನ ಜೊತೆಯವರು, ಎಂಬತ್ತು ದಾಟಿದೆ. ಈ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಾನೇ ಮಾಡಿಕೊಡ್ತೀನಿ ಅಂತ ಬಂದು ಕೂತರು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದರಲ್ಲಿ, ಎರಡೂ ಸೇರಿ ನೂರು ಲೀಟರ್ ನೀರು. ಬೆರೆಸಿದ ಮೇಲೆ ತಾತ ತಮ್ಮದೇ ಕುಡುಗೋಲನ್ನು ಅದರೊಳಗೆ ಅದ್ದಿ ಹಿಡಿದರು. ಹೊರತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. 'ಇನ್ನೂ ಸುಣ್ಣ ಬೇಕು, ಹಿಂಗೇ ಹೊಡೆದ್ರೆ ಎಲೆ ಸುಡ್ತದೆ' ಅಂದರು. ಒಂದು ಹಿಡಿ, ಇನ್ನೊಂದು ಹಿಡಿ. ಮೂರನೇ ಸಲ ಅಲಗು ಹೊಳೆಯುತ್ತಾ ಬಂತು. ಮಳೆ ಎರಡು ತಾಸು ಬಿಡುವು ಕೊಟ್ಟಾಗಲೆಲ್ಲ ಹೊಡೆದೆವು. ಅರ್ಧ ಬೆಳೆ ಹೋಯಿತು, ಅರ್ಧ ಉಳಿಯಿತು. ಆ ವರ್ಷದ ಬೆಳೆಯಿಂದ ನಮಗೆ ಸಿಕ್ಕ ಪ್ರತಿ ಬಾಟಲಿಯೂ ಆ ಕುಡುಗೋಲಿನ ಋಣ. ತಾತ ಹೋದ ವರ್ಷ ತೀರಿಕೊಂಡರು. ಇದನ್ನು ಅವರು ಇರುವಾಗಲೇ ಬರೆಯಬೇಕಿತ್ತು. ಬರೆಯಲಿಲ್ಲ, ಅದು ನನ್ನ ತಪ್ಪು.

ಕೊನೆಯದಾಗಿ ಪಕ್ಕದ ತೋಟದ ಮಾವ.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದವರಿಗೆ ನಮ್ಮ ಕಥೆ ಅರ್ಥವಾಗುತ್ತದೆ. ಫೆಬ್ರವರಿಯಲ್ಲಿ, ಕಾಯಿ ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಹೊಸದು ಕೊರೆಸಿದೆವು, ಸಾವಿರದ ಇನ್ನೂರು ಅಡಿ, ಬರೀ ದೂಳು. ದ್ರಾಕ್ಷಿಗೆ ಆ ಹೊತ್ತಿನಲ್ಲಿ ನೀರು ಜಾಸ್ತಿ ಬೇಡ, ಆದರೆ ಪೂರ್ತಿ ಇಲ್ಲದಿದ್ದರೆ ಹಣ್ಣು ಬಳ್ಳಿಯಲ್ಲೇ ಸುಕ್ಕುತ್ತದೆ. ಮಾವ ರಾಗಿ, ನೀಲಿ ದ್ರಾಕ್ಷಿ ಬೆಳೆಯುವವರು. ಅವರ ಬೋರಿನಲ್ಲೂ ಎರಡಿಂಚು ನೀರು ಒಂದೂಕಾಲು ಇಂಚಿಗೆ ಇಳಿದಿತ್ತು. ಒಂದು ಸಂಜೆ ಬೇಲಿಯ ಹತ್ತಿರ ಬಂದು, 'ಪೈಪ್ ಇದ್ರೆ ಎಳ್ಕೊಳಪ್ಪ, ರಾತ್ರಿ ತ್ರೀ ಫೇಸ್ ಬಂದಾಗ ಎರಡು ಗಂಟೆ ನಿಮ್ಮ ಕಡೆ ಬಿಡ್ತೀನಿ' ಅಂತ ತಮ್ಮನಿಗೆ ಹೇಳಿದರು. ನಲವತ್ತು ರಾತ್ರಿ ಬಿಟ್ಟರು. ಕರೆಂಟ್ ಒಂದಕ್ಕೆ ಬಂದರೆ ಒಂದಕ್ಕೆ, ಮೂರಕ್ಕೆ ಬಂದರೆ ಮೂರಕ್ಕೆ ಎದ್ದು ವಾಲ್ವ್ ತಿರುಗಿಸಿದರು. ದುಡ್ಡಿನ ಮಾತೆತ್ತಿದರೆ ಮುಖ ಗಂಟು ಹಾಕಿಕೊಂಡರು. ಅವರು ನಮ್ಮಿಂದ ತೆಗೆದುಕೊಳ್ಳುವುದು ಒಂದೇ, ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜ. ಅದು ಅವರ ತಿಪ್ಪೆಗೆ ಹೋಗುತ್ತದೆ.

ಆ ನೀರಿನ ಹಣ್ಣಿನಿಂದ ಆದ ಶಿರಾಜನ್ನು ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇಟ್ಟು ಈ ತಿಂಗಳು ಬಾಟಲಿಗೆ ಹಾಕಿದೆವು. ಮೊದಲ ಬಾಟಲಿ ಮಾವನ ಮನೆಗೆ ತೆಗೆದುಕೊಂಡು ಹೋದೆ. ಬೆಳಕಿಗೆ ಹಿಡಿದು ಬಣ್ಣ ನೋಡಿದರು. 'ಇದರಾಗೆ ನಮ್ಮ ಬೋರಿನ ನೀರಿದೆಯೇನಮ್ಮಾ?' ಅಂತ ಕೇಳಿದರು. ಇದೆ ಮಾವ, ಅಂದೆ. ಬಾಟಲಿ ನನ್ನ ಕೈಗೇ ವಾಪಸ್ ಕೊಟ್ಟರು. ಅವರು ಕುಡಿಯುವುದಿಲ್ಲ, ಮನೆಯಲ್ಲಿ ಇಡುವುದೂ ಇಲ್ಲ. ಆದರೆ ಅಂಟಿಸದೆ ಉಳಿದ ಲೇಬಲ್ ಒಂದಿದ್ದರೆ ಕೊಡು ಅಂದರು. ಈಗ ಅದು ಅವರ ಮೋಟಾರ್ ಮನೆಯ ಬಾಗಿಲ ಮೇಲಿದೆ.

ಬರುವ ಭಾನುವಾರ ತೋಟದಲ್ಲಿ ಊಟ ಇಟ್ಟುಕೊಂಡಿದ್ದೇವೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಾಯಸ. ಅಕ್ಕಂದಿರು ಅವತ್ತು ಕೆಲಸಕ್ಕಲ್ಲ, ಊಟಕ್ಕೆ ಬರುತ್ತಾರೆ. ಬಡಿಸುವುದು ನಾವು ನಾಲ್ಕು ಜನ. ಮೇಲೆ ಹೇಳಿದವರಲ್ಲಿ ಯಾರಿಗಾದರೂ ನನ್ನ ಫೋನ್ ತಲುಪಿಲ್ಲದಿದ್ದರೆ ಇದನ್ನೇ ಕರೆಯೋಲೆ ಅಂದುಕೊಳ್ಳಿ. ಒಂದು ಗಂಟೆಗೆ ಎಲೆ ಹಾಕುತ್ತೇವೆ. ಹಳೇ ಚಪ್ಪರದ ಕೆಳಗೆ, ನೆರಳಿರುವ ಕಡೆ.