ಅಪ್ಪನ ಕೋಣೆಯ ಬಾಗಿಲು ತೆರೆದವರಿಗೆ

ಹೋದ ಭಾನುವಾರ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನ ವರ್ಷದ ಕಾರ್ಯ ಮುಗಿಯಿತು. ಬಂದವರ ಊಟವೆಲ್ಲ ಆಗಿ, ಎಲೆ ಎತ್ತಿ, ಅಣ್ಣ ನಾನು ಜಗಲಿಯ ಮೇಲೆ ಕೂತಾಗ ಅವನು ಅಂದ: "ಆ ಸಿಸ್ಟರಿಗೆ ನಾವು ಒಂದು ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ ಕಣೆ." ಅಪ್ಪನ ಕೊನೆಯ ತಿಂಗಳುಗಳಲ್ಲಿ ಆರೈಕೆ ಮಾಡಿದ ನರ್ಸ್ ಅವರು. ನಿಜ, ಅವತ್ತು ಯಾರಿಗೂ ಏನೂ ಹೇಳುವ ಸ್ಥಿತಿ ನಮ್ಮದಾಗಿರಲಿಲ್ಲ. ಅದಕ್ಕೇ ಈ ಬರಹ ಒಂದು ವರ್ಷ ತಡ.

ಅಪ್ಪನಿಗಿದ್ದದ್ದು ಎಡಗೆನ್ನೆಯ ಕ್ಯಾನ್ಸರ್. ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಊಟದ ಹೊತ್ತು ಬಿಟ್ಟರೆ ಬಾಯಲ್ಲಿ ಸದಾ ಎಲೆ ಅಡಿಕೆ, ಹೊಗೆಸೊಪ್ಪು. ಆಪರೇಷನ್ ಆಯಿತು, ಕರೆಂಟು (ರೇಡಿಯೇಷನ್) ಕೊಡಿಸಿದ್ದಾಯಿತು, ಕೀಮೋನೂ ಆಯಿತು. ಎಂಟು ತಿಂಗಳಿಗೆ ಗಡ್ಡೆ ಮತ್ತೆ ಬಂತು. ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ಕಾರಿಡಾರಿಗೆ ಕರೆದು, "ಇನ್ನೇನೂ ಮಾಡೋಕಾಗಲ್ಲ, ಮನೇಲಿಟ್ಟುಕೊಂಡು ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಹೇಗೆ ನೋಡಿಕೊಳ್ಳುವುದು ಅಂತ ಯಾರೂ ಹೇಳಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಕೆ.ಆರ್. ಪುರದ ನಮ್ಮ ಎರಡು ಕೋಣೆಯ ಮನೆಗೆ ಅಪ್ಪನನ್ನು ಕರೆತಂದೆವು. ಮೂರು ವಾರಕ್ಕೆ ಹುಣ್ಣು ಕೆನ್ನೆ ಒಡೆದುಕೊಂಡು ಹೊರಬಂತು. ಇದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು, ಏಕೆಂದರೆ ಇಂಥ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿ ಇದು: ವಾಸನೆ. ನೋವಿಗಿಂತ ಮೊದಲು ನಮ್ಮನ್ನು ದೂರ ಮಾಡಿದ್ದೇ ಅದು. ಊದುಬತ್ತಿ ಹಚ್ಚಿದೆ, ಸಾಂಬ್ರಾಣಿ ಹಾಕಿದೆ. ನೋಡಲು ಬಂದ ನೆಂಟರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋದರು. ತಾತನ ಮಗ್ಗುಲಲ್ಲೇ ಮಲಗುತ್ತಿದ್ದ ನನ್ನ ಮಗ ಹಾಲಿನಲ್ಲಿ ಚಾಪೆ ಹಾಸಿಕೊಂಡ. ಕೊನೆಗೊಂದು ದಿನ ಅಪ್ಪ ತಾವೇ ಎದ್ದು ಕೋಣೆಯ ಬಾಗಿಲು ಹಾಕಿಕೊಂಡರು. ಮೊನ್ನೆ ಪೂಜೆಯಲ್ಲಿ ಸಾಂಬ್ರಾಣಿ ಹಾಕಿದಾಗ ನಾನು ಎದ್ದು ಹಿತ್ತಲಿಗೆ ಹೋದದ್ದು ಯಾಕೆ ಅಂತ ಕೇಳಿದವರಿಗೆ ಇದೇ ಉತ್ತರ.

ಮೊದಲ ಕೃತಜ್ಞತೆ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರಿಗೆ. ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ ನಾನು ಡಬ್ಬಿ ತೆರೆಯದೆ ಕೂತಿದ್ದೆ. "ಮೇಡಂ, ನಮ್ಮಮ್ಮನ್ನ ಕರುಣಾಶ್ರಯದವರು ನೋಡ್ಕೊಂಡಿದ್ರು. ಒಂದ್ಸಲ ಫೋನ್ ಮಾಡಿ" ಎಂದರು. ಹನ್ನೊಂದು ವರ್ಷದಿಂದ ಮಾರತ್ತಹಳ್ಳಿ ಕಡೆಗೆ ಓಡಾಡುತ್ತಿದ್ದೇನೆ, ಅಲ್ಲೇ ಅಂಥದ್ದೊಂದು ಜಾಗ ಇದೆ ಅಂತ ಗೊತ್ತಿರಲಿಲ್ಲ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯವರೂ ಇಂದಿರಾನಗರದ ರೋಟರಿಯವರೂ ಸೇರಿ 1994ರಲ್ಲಿ ಕಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನದು ಅದು. ಕಟ್ಟಡ ಆದದ್ದು 1999ರಲ್ಲಿ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆಗೂ ಔಷಧಿಗೂ ಊಟಕ್ಕೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆ ಬಿಲ್ಲುಗಳಿಗೆ ಒಡವೆ ಅಡವಿಟ್ಟು ಬಂದಿದ್ದ ನಮಗೆ ಇದು ನಂಬಲಾರದ ಮಾತು. ಕ್ಯಾಷ್ ಕೌಂಟರ್ ಎಲ್ಲಿ ಅಂತ ಅಣ್ಣ ಎರಡು ಸಲ ಹುಡುಕಿದ್ದಾನೆ.

"ಸಾಯೋರ್ನ ಬಿಟ್ಟು ಬರೋ ಜಾಗವಂತೆ" ಅಂತ ಚಿಕ್ಕಪ್ಪ ಆಗಲೇ ಫೋನಿನಲ್ಲಿ ಅಂದಾಗಿತ್ತು. ನನ್ನ ಎದೆಯಲ್ಲೂ ಅದೇ ಇತ್ತು, ಸುಳ್ಳು ಯಾಕೆ. ಅಪ್ಪ ಅಲ್ಲಿ ಇದ್ದದ್ದು ಹನ್ನೆರಡು ದಿನ. ಹದಿಮೂರನೆಯ ದಿನ ನಡೆದುಕೊಂಡೇ ಆಟೋ ಹತ್ತಿದರು.

ಮೊದಲ ದಿನವೇ ಸಿಸ್ಟರ್ ಹುಣ್ಣು ತೊಳೆದು, ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಅದರ ಮೇಲೆ ಉದುರಿಸಿ ಪಟ್ಟಿ ಕಟ್ಟಿದರು. ಭೇದಿಗೆ ನಾವೆಲ್ಲ ನುಂಗಿರುವ ಅದೇ ಮಾತ್ರೆ, ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಕೆಲವೇ ರೂಪಾಯಿಗೆ ಸಿಗುವಂಥದ್ದು. ಹುಣ್ಣಿನಲ್ಲಿ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದಂತೆ. ನಾಲ್ಕನೆಯ ದಿನ ನನ್ನ ಮಗ ತಾತನ ಮಂಚದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದ. ಹುಣ್ಣು ಇದ್ದಲ್ಲೇ ಇತ್ತು, ವಾಸನೆ ಮಾತ್ರ ಇರಲಿಲ್ಲ. ಇಷ್ಟು ಸಣ್ಣ ವಿಷಯವನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಅಪ್ಪ ಬಾಗಿಲು ಹಾಕಿಕೊಂಡ ಆ ದಿನಗಳು ಇರುತ್ತಿರಲಿಲ್ಲ. ಕೃತಜ್ಞತೆಯ ಬರಹದಲ್ಲಿ ಸಿಟ್ಟು ಬರಬಾರದೇನೋ, ಆದರೆ ಬರುತ್ತದೆ.

ನೋವಿಗೆ ಮಾರ್ಫಿನ್ ಮಾತ್ರೆ. ಹೆಸರು ಕೇಳಿ ಅಣ್ಣ ಹೆದರಿದ: "ಚಟ ಹತ್ತಲ್ವಾ ಸಿಸ್ಟರ್?" ಸಿಸ್ಟರ್ ನಗಲಿಲ್ಲ, ಗದರಲೂ ಇಲ್ಲ. ಒಂದು ಹಾಳೆ ತೆಗೆದು ಗಡಿಯಾರ ಬರೆದರು. ನಾಲ್ಕು ಗಂಟೆಗೊಂದು, ನೋವು ಬರಲಿ ಅಂತ ಕಾಯಬಾರದು. ಮಲಗುವಾಗ ಎರಡು, ಆಗ ನಡುರಾತ್ರಿ ಎಬ್ಬಿಸಬೇಕಿಲ್ಲ. ಮೊದಲೆರಡು ದಿನ ಮಂಪರು, ಹೊಟ್ಟೆ ತೊಳಸುವುದು ಇರಬಹುದು. ಮಲಬದ್ಧತೆ ಮಾತ್ರ ಆಗೇ ಆಗುತ್ತೆ, ಅದಕ್ಕೆ ಇನ್ನೊಂದು ಮಾತ್ರೆ ಜೊತೆಗೇ. ನೋವಿಗೆ ಅಂತ ಡಾಕ್ಟರ್ ಅಳೆದು ಕೊಟ್ಟಾಗ ಚಟದ ಹೆದರಿಕೆ ಬೇಡ ಎಂದರು. ಆ ರಾತ್ರಿ ಅಪ್ಪ ಆರು ಗಂಟೆ ನಿದ್ದೆ ಮಾಡಿದರು. ಅಮ್ಮನಿಗೆ ಮಾತ್ರ ನಿದ್ದೆ ಇಲ್ಲ. ಇಷ್ಟು ಹೊತ್ತು ಮಲಗಿದ್ದಾರಲ್ಲ ಎಂದು ಮೂರು ಸಲ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳಂತೆ.

ಅಲ್ಲಿಯ ಆಪ್ತಸಮಾಲೋಚಕಿ ಒಬ್ಬರು ಕೇಳಿದರು: "ಕಾಯಿಲೆ ವಿಷಯ ತಂದೆಯವರಿಗೆ ಎಷ್ಟು ಗೊತ್ತು?" ಏನೂ ಹೇಳಿಲ್ಲ ಮೇಡಂ, ತಡ್ಕೊಳಲ್ಲ ಅಂದೆ. ಅವರು ಅಪ್ಪನ ಪಕ್ಕ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಸುಮ್ಮನೆ ಕೂತರು. ಬಾಯಿ ತೆರೆಯಲಾಗದ ಅಪ್ಪ ಮೊಮ್ಮಗನ ಸ್ಲೇಟು ತೆಗೆದುಕೊಂಡು, ಮಂಡಿಯ ಲೆಕ್ಕದ ಅದೇ ದುಂಡು ಅಕ್ಷರದಲ್ಲಿ ಬರೆದರು: "ನನಗೆ ಗೊತ್ತಿದೆ. ಇವರಿಗೆ ಹೇಳಬೇಡಿ, ತಡ್ಕೊಳಲ್ಲ." ಅವರು ನಮ್ಮನ್ನು ಕಾಪಾಡುತ್ತಿದ್ದರು, ನಾವು ಅವರನ್ನು. ಅವತ್ತೇ ತೋಟದ ಪತ್ರ ಯಾವ ಪೆಟ್ಟಿಗೆಯಲ್ಲಿದೆ, ಯಾರ ಸಾಲ ಬಾಕಿ, ಅಮ್ಮನ ಹೆಸರಿಗೆ ಏನೇನು ಮಾಡಬೇಕು, ಎಲ್ಲ ಸ್ಲೇಟಿನ ಮೇಲೆ ಬಂತು. ಕೊನೆಯ ಸಾಲು, "ಊರಿಗೆ ಹೋಗಬೇಕು."

ಅದಕ್ಕೂ ಮೊದಲು ಎರಡು ತಿಂಗಳು ನಮ್ಮ ಮನೆಗೇ ಕರುಣಾಶ್ರಯದ ನರ್ಸ್ ಬಂದುಹೋಗುತ್ತಿದ್ದರು. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದು, ಮಾತ್ರೆ ಅರೆದು ನೀರಲ್ಲಿ ಕಲಸಿ ಕೊಡುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ ನಾನೂ ಅಮ್ಮನೂ ಕಲಿತೆವು. ಆಮೇಲೆ ಊರು. ಅಲ್ಲಿ ತೊಂದರೆ ಶುರುವಾದದ್ದು ಮಾರ್ಫಿನ್ ಮಾತ್ರೆಯದು. ಚೀಟಿ ಹಿಡಿದು ಅಂಗಡಿ ಅಂಗಡಿ ತಿರುಗಿದ ಅಣ್ಣನನ್ನು ಕಳ್ಳನನ್ನು ನೋಡುವಂತೆ ನೋಡಿದರಂತೆ. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಬೆಂಗಳೂರಿಗೆ ಬಂದು ಒಯ್ದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. ಅದರಿಂದಲೇ ಆಗುವ ಮಾತ್ರೆ ತಾಲ್ಲೂಕು ಕೇಂದ್ರದಲ್ಲಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದಮೇಲೆ ಹಲವು ಪರವಾನಗಿಗಳ ಗೋಜಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಅದನ್ನು ಸಲೀಸು ಮಾಡಿತು. ಕಾನೂನು ಸಲೀಸಾಯಿತು, ಹೆದರಿಕೆ ಹಾಗೇ ಇದೆ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತವರ ಗೆಳೆಯರು ಶುರುಮಾಡಿದ ಪ್ಯಾಲಿಯೇಟಿವ್ ಆರೈಕೆಯ, ಅಂದರೆ ರೋಗಿಯ ನೋವು ಸಂಕಟ ಕಡಿಮೆ ಮಾಡುವ ಆರೈಕೆಯ ಕೆಲಸ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಅಲ್ಲಿ ಪಂಚಾಯಿತಿಯ ನರ್ಸ್ ಮನೆಗೆ ಬರುತ್ತಾರೆ. ನಮ್ಮ ಹಳ್ಳಿಗೆ ಬಂದದ್ದು ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ, ಅದೂ ಡ್ಯೂಟಿ ಅಲ್ಲ, ಅಕ್ಕರೆಗೆ. ಬೆಂಗಳೂರಿನ ಸಿಸ್ಟರ್ ಫೋನಿನಲ್ಲಿ ಹೇಳಿದ್ದನ್ನು ಕೇಳಿಕೊಂಡು ಪಟ್ಟಿ ಕಟ್ಟುತ್ತಿದ್ದರು. ಅಕ್ಕಾ, ನಿಮ್ಮ ಕೈ ತಣ್ಣಗಿರಲಿ.

ಒಂದು ಬೆಳಿಗ್ಗೆ, ಅಮ್ಮ ಕಾಫಿಗೆ ಇಡುವ ಹೊತ್ತಿಗೆ, ಅಪ್ಪ ಹೋದರು. ಕೋಣೆಯ ತುಂಬ ಜನ ಇದ್ದೆವು. ಬಾಗಿಲು ತೆರೆದಿತ್ತು.

ರಜೆ ಕೇಳಿದಾಗಲೆಲ್ಲ ಕಾರಣ ಕೇಳದೆ ಕೊಟ್ಟ ಹೆಡ್‌ಮೇಡಂ, ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ರಾತ್ರಿ ಹನ್ನೊಂದಕ್ಕೂ ಮೀಟರ್ ಹಾಕಿಯೇ ಬಂದ ಆಟೋ ಅಣ್ಣ, ಮಗನಿಗೆ ಎರಡು ತಿಂಗಳು ಊಟ ಹಾಕಿದ ಮೇಲಿನ ಮನೆಯ ಆಂಟಿ, ನಿಮಗೆಲ್ಲ ನಮಸ್ಕಾರ. ಚಿಕ್ಕಪ್ಪನಿಗೂ. ಮೊನ್ನೆ ಊಟದ ಪಂಕ್ತಿಯಲ್ಲಿ ಅವರೇ ಯಾರಿಗೋ, "ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ್ಲೇ ಈ ಪ್ಯಾಲಿಯೇಟಿವ್ ಡಾಕ್ಟರ್‌ನ ಕೇಳ್ಬೇಕಂತೆ ಕಣಯ್ಯ, ಔಷಧಿ ನಿಲ್ಸಬೇಕಾಗಿಲ್ಲ, ಎರಡೂ ಜೊತೆಗೇ ನಡೆಯುತ್ತಂತೆ" ಎಂದು ಬುದ್ಧಿ ಹೇಳುತ್ತಿದ್ದರು.

ಅಪ್ಪ ಮಲಗಿದ್ದ ಗಾಳಿ ಹಾಸಿಗೆ ಇಲ್ಲಿಯವರೆಗೆ ಮೂರು ಮನೆ ಸುತ್ತಿ ಬಂದಿದೆ. ಈಗ ನಮ್ಮ ಅಟ್ಟದ ಮೇಲಿದೆ. ಬೇಕಾದವರು ನನಗೆ ಹೇಳಿ, ಮಗನ ಕೈಲಿ ಕಳಿಸುತ್ತೇನೆ. ಅದರ ಪಂಪು ರಾತ್ರಿ ಸ್ವಲ್ಪ ಗುಂಯ್‌ಗುಡುತ್ತದೆ, ಅಡಿಗೆ ಒಂದು ಟವೆಲ್ ಮಡಿಸಿಟ್ಟರೆ ಸಾಕು.