ಭಾನುವಾರದ ಸಭೆಗೆ ಮುನ್ನ: ಪಾದಚಾರಿ ಮಾರ್ಗದ ಬಗ್ಗೆ

ಬಡಾವಣೆಯ ಎಲ್ಲರಿಗೂ ನಮಸ್ಕಾರ. ಉದ್ಯಾನಕ್ಕೆ ಇನ್ನಷ್ಟು ವ್ಯಾಯಾಮ ಉಪಕರಣ ಕೇಳುವ ಮೊದಲು, ಉದ್ಯಾನದವರೆಗೆ ನಡೆಯಲು ದಾರಿ ಕೇಳೋಣ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಷ್ಟು ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲು, ತರಕಾರಿ, ಬಸ್‌ ನಿಲ್ದಾಣಕ್ಕೆ ನಡೆದೇ ಹೋದರೆ ಅದರಲ್ಲಿ ಬಹುಪಾಲು ದಕ್ಕುತ್ತದೆ. ಆದರೆ ನಮ್ಮ ಎರಡನೇ ಅಡ್ಡರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಟ್ಟೆ, ಪಕ್ಕದಲ್ಲೇ ಚಪ್ಪಡಿ ಕಿತ್ತುಹೋದ ಚರಂಡಿ, ಮುಂದೆ ನಿಲ್ಲಿಸಿದ ಕಾರು. ಮೊಣಕಾಲು ನೋವಿನ ಹಿರಿಯರು ವಾಹನಗಳ ನಡುವೆಯೇ ಇಳಿಯಬೇಕು. ಹಾಗಾಗಿ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ.

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದು. ನಿಮ್ಮ ಮನೆಯ ಮುಂದೆ ಟೇಪ್ ಹಿಡಿದು ಅಳೆದು, ಶುಕ್ರವಾರದೊಳಗೆ ಚಿತ್ರದೊಂದಿಗೆ ಇಲ್ಲಿ ಹಾಕಿ. ನಿಮ್ಮ ಗೇಟಿನ ಇಳಿಜಾರು ಹೊರಚಾಚಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.